ಬಿಟ್‌ಕಾಯಿನ್ ಸಾಗಣೆಯ ಬಾಡಿಗೆ

2023ರ ನವೆಂಬರ್ 23ರಂದು ಬಿಟ್‌ಕಾಯಿನ್ ಜಾಲದಲ್ಲಿ ಒಂದು ವಿಚಿತ್ರ ವರ್ಗಾವಣೆ ನಡೆಯಿತು. ಒಂದು ವಿಳಾಸದಿಂದ 139 ಬಿಟ್‌ಕಾಯಿನ್‌ಗಿಂತ ತುಸು ಹೆಚ್ಚು ಹೊರಟಿತು. ಮುಟ್ಟಬೇಕಾದಲ್ಲಿಗೆ ಮುಟ್ಟಿದ್ದು 55 ಚಿಲ್ಲರೆ. ಉಳಿದ 83.65 ಬಿಟ್‌ಕಾಯಿನ್, ಅಂದಿನ ಬೆಲೆಯಲ್ಲಿ 30 ಲಕ್ಷ ಡಾಲರ್ ದಾಟುವ ಮೊತ್ತ, ವಹಿವಾಟಿನ ಶುಲ್ಕವೆಂದು ಮೈನಿಂಗ್ ಕೂಟದ ಪಾಲಾಯಿತು. ಅದಕ್ಕೆ ಎರಡು ತಿಂಗಳ ಮುಂಚೆ ಅಮೆರಿಕದ ಪ್ಯಾಕ್ಸೋಸ್ ಕಂಪನಿ ಸುಮಾರು 2,000 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕಳಿಸಲು ಹೋಗಿ 5 ಲಕ್ಷ ಡಾಲರ್‌ಗೂ ಮಿಗಿಲಾದ ಶುಲ್ಕ ತೆತ್ತಿತ್ತು. ಆ ವರ್ಗಾವಣೆಯನ್ನು ಲೆಕ್ಕಕ್ಕೆ ಸೇರಿಸಿದ ಎಫ್2ಪೂಲ್ ಎಂಬ ಮೈನಿಂಗ್ ಕೂಟ ಹಣ ಮರಳಿಸಿತು ನಿಜ. ಆದರೆ ಮರಳಿಸಲೇಬೇಕೆಂಬ ನಿಯಮ ಜಾಲದಲ್ಲಿ ಇರಲಿಲ್ಲ. ಎರಡೂ ಸಲ ಜಾಲ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು. ‘ಇಷ್ಟೊಂದು ಯಾಕೆ ಕೊಡುತ್ತಿದ್ದೀರಿ?’ ಎಂದು ಕೇಳುವವರು ಅಲ್ಲಿ ಯಾರೂ ಇಲ್ಲ. ಇವು ಕೋಟ್ಯಧೀಶರ ಎಡವಟ್ಟುಗಳು, ನಮಗೇನು ಎನ್ನಬಹುದು. ಆದರೆ ‘ನನ್ನ ಹಣ ಎರಡು ದಿನದಿಂದ ಪೆಂಡಿಂಗ್ ತೋರಿಸುತ್ತಿದೆ’, ‘ಬ್ಯಾಲೆನ್ಸ್ ಇದ್ದರೂ ಕಳಿಸಲಾಗುತ್ತಿಲ್ಲ’, ‘500 ರೂಪಾಯಿ ಕಳಿಸಲು 800 ರೂಪಾಯಿ ಕೇಳುತ್ತಿದೆ’ ಎಂದು ಸಣ್ಣ ವ್ಯಾಲೆಟ್‌ದಾರರು ಹೇಳಿಕೊಳ್ಳುವ ದೂರುಗಳ ಬೇರೂ ಅಲ್ಲೇ ಇದೆ. ನಾವು ಈ ಶುಲ್ಕವನ್ನು ಬ್ಯಾಂಕಿನ ಕಮಿಷನ್ ಎಂದು ಓದುತ್ತೇವೆ. ಅದು ವಾಸ್ತವವಾಗಿ ಹರಾಜಿನ ಕೂಗು. ಓದು ತಪ್ಪಿದ್ದರಿಂದ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದವರನ್ನು ಹುಡುಕಿಕೊಂಡು ಮೋಸಗಾರ ಬರುತ್ತಾನೆ.

ಶುಲ್ಕ ಕೊಟ್ಟು ನಾವು ಕೊಳ್ಳುವುದಾದರೂ ಏನು? ಜಾಗ. ಬಿಟ್‌ಕಾಯಿನ್‌ನ ಲೆಕ್ಕದ ಪುಸ್ತಕಕ್ಕೆ ಸರಾಸರಿ 10 ನಿಮಿಷಕ್ಕೊಂದು ಹೊಸ ಪುಟ ಸೇರುತ್ತದೆ. ಆ ಪುಟವೇ ಬ್ಲಾಕ್. ಬರೆಸಿಕೊಳ್ಳುವವರು ಎಷ್ಟೇ ಜನ ಬಂದರೂ ಪುಟ ಹಿಗ್ಗುವುದಿಲ್ಲ. 2017ರ ಆಗಸ್ಟ್‌ನಲ್ಲಿ ಸೆಗ್‌ವಿಟ್ ಎಂಬ ಬದಲಾವಣೆ ಬಂದ ಮೇಲೆ ಅಳೆಯುವ ಕ್ರಮ ಬೇರೆಯಾಯಿತಾದರೂ, ಒಂದು ಬ್ಲಾಕಿಗೆ 10 ಲಕ್ಷ ‘ವರ್ಚುವಲ್ ಬೈಟ್’ ಎಂಬ ಗೆರೆ ಹಾಗೇ ಇದೆ. ಪುಟ ಬರೆಯುವ ಮೈನರ್ ಸಹಜವಾಗಿಯೇ ಬೈಟಿಗೆ ಹೆಚ್ಚು ಕೊಡುವವರನ್ನು ಮೊದಲು ಆರಿಸಿಕೊಳ್ಳುತ್ತಾನೆ. ಒಂದು ಬಿಟ್‌ಕಾಯಿನ್‌ನ 10 ಕೋಟಿಯಲ್ಲೊಂದು ಪಾಲಿಗೆ ಸತೋಶಿ ಎಂದು ಹೆಸರು. ಬೈಟಿಗೆ ಇಷ್ಟು ಸತೋಶಿ ಎಂಬುದೇ ಇಲ್ಲಿನ ದರ. ನೀವು ಕಳಿಸುವ ಮೊತ್ತ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ಕೋಟಿ ರೂಪಾಯಿಯ ಬಿಟ್‌ಕಾಯಿನ್ ಕಳಿಸುವವನಿಗೂ ಸಾವಿರ ರೂಪಾಯಿಯದನ್ನು ಕಳಿಸುವವನಿಗೂ ಶುಲ್ಕ ಒಂದೇ ಆಗಬಹುದು; ಸಾವಿರದವನಿಗೇ ಜಾಸ್ತಿ ಬೀಳಲೂಬಹುದು. ತಕ್ಕಡಿಗೆ ಒಂದು ಕಿಲೋ ರೇಷ್ಮೆಯೂ ಒಂದೇ, ಒಂದು ಕಿಲೋ ಹುಣಸೆಹಣ್ಣೂ ಒಂದೇ. ನೂರಕ್ಕೆ ಇಷ್ಟು ಎಂದು ಕಡಿಯುವ ಕಮಿಷನ್ನಿಗೆ ಒಗ್ಗಿಹೋದ ನಮಗೆ, ಸಾಗಣೆಯ ತೂಕಕ್ಕೆ ಬಾಡಿಗೆ ಕೇಳುವ ಈ ಪದ್ಧತಿ ಅನ್ಯಾಯವೆಂದು ಕಾಣುವುದು ಸಹಜ.

ಹಾಗಾದರೆ ಒಂದು ವರ್ಗಾವಣೆ ತೂಗುವುದು ಯಾವುದರಿಂದ? ವ್ಯಾಲೆಟ್ ತೆರೆದರೆ ಒಂದೇ ಒಂದು ಬ್ಯಾಲೆನ್ಸ್ ಸಂಖ್ಯೆ ಕಾಣುತ್ತದೆ, ಪಾಸ್‌ಬುಕ್ಕಿನಲ್ಲಿ ಕಾಣುವಂತೆ. ಒಳಗಿನ ಕಥೆ ಬೇರೆ. ನಿಮಗೆ ಒಂದೊಂದು ಸಲ ಬಂದ ಹಣವೂ ಪ್ರತ್ಯೇಕ ನೋಟಿನಂತೆ ಬಿಡಿಬಿಡಿಯಾಗಿಯೇ ಉಳಿದಿರುತ್ತದೆ. ಖರ್ಚು ಮಾಡುವಾಗ ಆ ನೋಟುಗಳನ್ನು ಇಡಿಯಾಗಿ ಕೊಟ್ಟು ಚಿಲ್ಲರೆಯನ್ನು ನಿಮ್ಮದೇ ಇನ್ನೊಂದು ವಿಳಾಸಕ್ಕೆ ವಾಪಸು ಪಡೆಯಬೇಕು. ಕೊಡುವ ಪ್ರತಿ ನೋಟಿಗೂ ಒಂದು ಸಹಿ ಬೇಕು, ಪ್ರತಿ ಸಹಿಗೂ ಜಾಗ ಬೇಕು. ಹಳೆಯ ಮಾದರಿಯ ವಿಳಾಸದಲ್ಲಿರುವ ಒಂದು ನೋಟು ಸುಮಾರು 148 ಬೈಟ್ ತಿನ್ನುತ್ತದೆ. ಒಂದೇ ನೋಟು ಕೊಟ್ಟು ಚಿಲ್ಲರೆ ಪಡೆಯುವ ವರ್ಗಾವಣೆ 226 ಬೈಟಿನಷ್ಟಾದರೆ, ಅದೇ ಮೊತ್ತವನ್ನು ಹತ್ತು ಸಣ್ಣ ನೋಟುಗಳಿಂದ ಹೊಂದಿಸಿದಾಗ 1,558 ಬೈಟ್ ಆಗುತ್ತದೆ. ಬೈಟಿಗೆ 50 ಸತೋಶಿ ದರವಿದ್ದ ದಿನ ಮೊದಲನೆಯದಕ್ಕೆ 11,300 ಸತೋಶಿ, ಎರಡನೆಯದಕ್ಕೆ 77,900. ದೇವಸ್ಥಾನದ ಹುಂಡಿ ಎಣಿಸುವವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ: ಸುಸ್ತು ಮಾಡುವುದು ಐನೂರರ ನೋಟಲ್ಲ, ಒಂದೆರಡು ರೂಪಾಯಿಯ ನಾಣ್ಯ. ಸಣ್ಣಪುಟ್ಟ ಕೊಡುಗೆ, ಬಹುಮಾನ, ದಿನಕ್ಕಿಷ್ಟು ಎಂಬ ಖರೀದಿ ಎಂದು ಹನಿಹನಿಯಾಗಿ ಕೂಡಿಸಿಕೊಂಡವರ ವ್ಯಾಲೆಟ್ ಅಂಥ ಹುಂಡಿ. ಬೈಟಿಗೆ 100 ಸತೋಶಿ ಇರುವಾಗ 148 ಬೈಟಿನ ನೋಟು ಎತ್ತಲು 14,800 ಸತೋಶಿ ಬೇಕು. ಆ ನೋಟಿನ ಬೆಲೆಯೇ 10,000 ಸತೋಶಿಯಾಗಿದ್ದರೆ ಅದು ಲೆಕ್ಕಕ್ಕುಂಟು, ಖರ್ಚಿಗಿಲ್ಲ. ‘ಬ್ಯಾಲೆನ್ಸ್ ಇದ್ದರೂ ಕಳಿಸಲಾಗುತ್ತಿಲ್ಲ’ ಎಂಬ ದೂರಿನ ಅರ್ಥ ಬಹುಮಟ್ಟಿಗೆ ಇಷ್ಟೇ. ‘ಬಿ ಸಿ 1’ ಎಂದು ಶುರುವಾಗುವ ಹೊಸ ಬಗೆಯ ಸೆಗ್‌ವಿಟ್ ವಿಳಾಸದಲ್ಲಿಟ್ಟ ನೋಟು ಸುಮಾರು 68 ವರ್ಚುವಲ್ ಬೈಟಿಗೆ ಮುಗಿಯುತ್ತದೆ. ವಿಳಾಸದ ಮಾದರಿ ಬದಲಿಸಿದರೆ ಸಾಕು, ನೋಟು ಎತ್ತುವ ಬಾಡಿಗೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ತೂಕದ ಮಾತಾಯಿತು, ಇನ್ನು ಹೊತ್ತಿನದು. ಕಳಿಸಿದ ವರ್ಗಾವಣೆ ಬ್ಲಾಕಿಗೆ ಸೇರುವ ತನಕ ಮೆಂಪೂಲ್ ಎಂಬ ಕಾಯುವ ಕಟ್ಟೆಯಲ್ಲಿ ಕೂತಿರುತ್ತದೆ. ಅಲ್ಲಿ ಮೊದಲು ಬಂದವರಿಗೆ ಮೊದಲು ಎಂಬ ಸರದಿಯಿಲ್ಲ. ಹೆಚ್ಚು ಕೂಗಿದವನು ಯಾವಾಗ ಬಂದರೂ ಮುಂದೆ ಹೋಗುತ್ತಾನೆ. ಹಾಗಾಗಿ ನಿನ್ನೆ ಧಾರಾಳವೆನಿಸಿದ ದರ ಇವತ್ತು ಕಟ್ಟೆಯ ಮೂಲೆಗೆ ತಳ್ಳಿಸಿಕೊಳ್ಳಬಹುದು. 2017ರ ಡಿಸೆಂಬರ್‌ನಲ್ಲಿ ಬೆಲೆಯೇರಿಕೆಯ ಭರದಲ್ಲಿ ಒಂದು ವರ್ಗಾವಣೆಯ ಸರಾಸರಿ ಶುಲ್ಕ 50 ಡಾಲರ್ ದಾಟಿತ್ತು. 2023ರ ಮೇ ತಿಂಗಳಲ್ಲಿ ಚಿತ್ರ, ಪಠ್ಯ, ಹೊಸ ಟೋಕನ್ ಇತ್ಯಾದಿಗಳನ್ನು ಬಿಟ್‌ಕಾಯಿನ್ ಪುಟಗಳಲ್ಲೇ ಕೆತ್ತಿಸುವ ‘ಆರ್ಡಿನಲ್ಸ್’ ಹುಚ್ಚು ಹಬ್ಬಿದಾಗ ಕಟ್ಟೆ ಮತ್ತೆ ತುಂಬಿತು. ಜಗತ್ತಿನ ಅತಿದೊಡ್ಡ ಎಕ್ಸ್‌ಚೇಂಜ್ ಬೈನಾನ್ಸ್ ಕೂಡ ತಾನಿಟ್ಟಿದ್ದ ಶುಲ್ಕ ಸಾಲದೆ, ಬಿಟ್‌ಕಾಯಿನ್ ಹಿಂಪಡೆಯುವ ಸೌಲಭ್ಯವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಸಿಕ್ಕಿಕೊಂಡಿದ್ದ ವರ್ಗಾವಣೆಗಳಿಗೆ ಹೆಚ್ಚು ಶುಲ್ಕ ಕಟ್ಟಿ ಬಿಡಿಸಿಕೊಳ್ಳಬೇಕಾಯಿತು. 2024ರ ಏಪ್ರಿಲ್ 20ರಂದು ಬ್ಲಾಕ್ ಕಟ್ಟಿದ್ದಕ್ಕೆ ಮೈನರ್‌ಗಳಿಗೆ ಸಿಗುವ ಬಹುಮಾನ ಅರ್ಧಕ್ಕಿಳಿದ ದಿನವೇ ‘ರೂನ್ಸ್’ ಎಂಬ ಟೋಕನ್ ವ್ಯವಸ್ಥೆಯೂ ಶುರುವಾಗಿ ಸರಾಸರಿ ಶುಲ್ಕ 100 ಡಾಲರ್ ಮೀರಿತು. ಕೆಲವೇ ದಿನಗಳಲ್ಲಿ ಇಳಿಯಿತು. ಟೋಕನ್ನಿನ ಗೋಜಿಗೇ ಹೋಗದೆ ತಮ್ಮ ಪಾಡಿಗೆ ಹಣ ಕಳಿಸಿದವರೂ ಆ ದಿನಗಳಲ್ಲಿ ಅದೇ ದರ ತೆತ್ತರು. ವ್ಯಾಲೆಟ್ ತಾನಾಗಿಯೇ ಸೂಚಿಸುವ ಶುಲ್ಕ ಬಹುತೇಕ ಈಚಿನ ಬ್ಲಾಕುಗಳನ್ನೋ ಆ ಗಳಿಗೆಯ ಕಟ್ಟೆಯನ್ನೋ ನೋಡಿ ಮಾಡಿದ ಅಂದಾಜು. ಮಳೆ ಬಂದ ಸಂಜೆ ಆಟೋದವರು ಏನು ಕೇಳುತ್ತಾರೆಂಬುದು ಬೆಳಗಿನ ಬಾಡಿಗೆಯಿಂದ ಗೊತ್ತಾಗುವುದಿಲ್ಲ.

ಕಡಿಮೆ ಕೂಗಿ ಹಣ ನಡುದಾರಿಯಲ್ಲಿ ನಿಂತಿತೆಂದುಕೊಳ್ಳೋಣ. ಮೊದಲು ತಿಳಿಯಬೇಕಾದ್ದು, ಅದು ಕಳೆದುಹೋಗಿಲ್ಲ. ಇನ್ನೂ ಹೊರಟೇ ಇಲ್ಲ. ಪುಸ್ತಕದಲ್ಲಿ ಬರೆಯದ ಲೆಕ್ಕ ಲೆಕ್ಕವೇ ಅಲ್ಲವಾದ್ದರಿಂದ ಹಣ ಈಗಲೂ ನಿಮ್ಮ ಹೆಸರಿನಲ್ಲೇ ಇದೆ. ಮುಂದಿನ ದಾರಿ ಮೂರು. ಒಂದು, ಕೂಗನ್ನು ಏರಿಸುವುದು: ಅದೇ ನೋಟುಗಳನ್ನು ಬಳಸಿ ಹೆಚ್ಚಿನ ಶುಲ್ಕದ ಹೊಸ ವರ್ಗಾವಣೆ ಕಳಿಸಿದರೆ ಅದು ಹಳೆಯದರ ಜಾಗಕ್ಕೆ ಬರುತ್ತದೆ. ಇದಕ್ಕೆ ಆರ್‌ಬಿಎಫ್ ಎನ್ನುತ್ತಾರೆ. 2016ರಲ್ಲಿ ಬಿಟ್‌ಕಾಯಿನ್ ಕೋರ್ ತಂತ್ರಾಂಶಕ್ಕೆ ಸೇರಿದ ಸೌಲಭ್ಯವಿದು. ಎರಡು, ಹಿಂದಿನಿಂದ ದೂಡುವುದು: ಸಿಕ್ಕಿಕೊಂಡ ವರ್ಗಾವಣೆಯಿಂದ ಬರಬೇಕಾದ ಹಣವನ್ನೇ ಮತ್ತೆ ಖರ್ಚು ಮಾಡಿ, ಆ ಎರಡನೆಯದಕ್ಕೆ ದೊಡ್ಡ ಶುಲ್ಕ ಇಡುವುದು. ಎರಡನೆಯದರ ಆಸೆಗೆ ಮೈನರ್ ಮೊದಲನೆಯದನ್ನೂ ಒಳಗೆ ತೆಗೆದುಕೊಳ್ಳಲೇಬೇಕು, ಏಕೆಂದರೆ ತಾಯಿಲ್ಲದೆ ಮಗುವಿಲ್ಲ. ಹಣ ಪಡೆಯಬೇಕಾದವರೂ ಮಾಡಬಹುದಾದ ಈ ಉಪಾಯಕ್ಕೆ ಸಿಪಿಎಫ್‌ಪಿ ಎಂದು ಹೆಸರು. ಇಲ್ಲಿ ಲೆಕ್ಕ ಇಬ್ಬರದೂ ಕೂಡಿಯೇ ಆಗಬೇಕು. ಬೈಟಿಗೆ 5 ಸತೋಶಿಯಂತೆ 1,130 ಸತೋಶಿ ಕಟ್ಟಿ ನಿಂತಿರುವ 226 ಬೈಟಿನ ತಾಯಿಯನ್ನು, ಪೇಟೆಯ ದರ 40 ಇರುವಾಗ 192 ಬೈಟಿನ ಮಗು ಎಳೆದು ತರಬೇಕಾದರೆ ಎರಡರ 418 ಬೈಟಿಗೆ 16,720 ಸತೋಶಿ ಬೇಕು. ಅಂದರೆ ಮಗುವೇ 15,590 ಹೊರಬೇಕು. ತನ್ನ ತೂಕಕ್ಕಷ್ಟೇ ಕೊಟ್ಟು ‘ಇದೂ ಕೆಲಸ ಮಾಡಲಿಲ್ಲ’ ಎಂದು ಕೈಚೆಲ್ಲುವವರು ಎಡವುವುದು ಇಲ್ಲೇ. ಮೂರನೆಯ ದಾರಿ ಸುಮ್ಮನೆ ಕಾಯುವುದು. ಬಿಟ್‌ಕಾಯಿನ್ ಕೋರ್‌ನ ಸಹಜ ಹೊಂದಾಣಿಕೆಯಲ್ಲಿ ಎರಡು ವಾರ ಬ್ಲಾಕ್ ಸೇರದ ವರ್ಗಾವಣೆಯನ್ನು ಕಟ್ಟೆಯಿಂದ ಇಳಿಸಿಬಿಡಲಾಗುತ್ತದೆ. ಹಣ ಮತ್ತೆ ಖರ್ಚಿಗೆ ಸಿಗುತ್ತದೆ. ಅವಸರವಿಲ್ಲದವರಿಗೆ ಇದಕ್ಕಿಂತ ಅಗ್ಗದ ಪರಿಹಾರವಿಲ್ಲ.

ಎಥೀರಿಯಂ ಜಾಲದಲ್ಲೂ ನಡೆಯುವುದು ಜಾಗದ ಹರಾಜೇ, ಆದರೆ ಎರಡು ತೊಡಕು ಹೆಚ್ಚು. ಅಲ್ಲಿ ಅಳೆಯುವುದು ಬೈಟನ್ನಲ್ಲ, ‘ಗ್ಯಾಸ್’ ಎಂದು ಕರೆಯುವ ಕೆಲಸದ ಪ್ರಮಾಣವನ್ನು. ಸರಳ ವರ್ಗಾವಣೆಗೆ 21,000 ಗ್ಯಾಸ್; ಟೋಕನ್ ಅದಲುಬದಲಿಗೆ ಅದರ ಹಲವು ಪಟ್ಟು. 2021ರ ಆಗಸ್ಟ್‌ನಿಂದ ಮೂಲ ದರವನ್ನು ಜಾಲವೇ ಗೊತ್ತುಮಾಡಿ ಆ ಭಾಗವನ್ನು ಸುಟ್ಟುಹಾಕುತ್ತದೆ. ಅದರ ಮೇಲಿನ ಟಿಪ್ಸ್ ಮಾತ್ರ ಬ್ಲಾಕ್ ಕಟ್ಟುವವರಿಗೆ. ಮೊದಲ ತೊಡಕೆಂದರೆ, ಕೆಲಸ ಕೆಟ್ಟರೂ ಕೂಲಿ ಕೊಡಲೇಬೇಕು. ನಡುವೆ ಗ್ಯಾಸ್ ಮುಗಿದೋ ಜಾಲದಲ್ಲಿ ತಾನಾಗಿ ನಡೆಯುವ ಒಪ್ಪಂದದ ಷರತ್ತು ಮುರಿದೋ ವರ್ಗಾವಣೆ ವಿಫಲವಾದರೆ, ಅಲ್ಲಿಯವರೆಗಿನ ಲೆಕ್ಕಾಚಾರದ ಶುಲ್ಕ ಹೋದಂತೆಯೇ. ಎರಡನೆಯದು, ಶುಲ್ಕ ಜಾಲದ ಸ್ವಂತ ನಾಣ್ಯದಲ್ಲೇ ಆಗಬೇಕು. ವ್ಯಾಲೆಟ್‌ನಲ್ಲಿ ಸಾವಿರ ಡಾಲರಿನ ಯುಎಸ್‌ಡಿಟಿ ಎಂಬ ಡಾಲರ್ ಟೋಕನ್ ಇದ್ದು, ಎಥೀರಿಯಂನ ನಾಣ್ಯವಾದ ಈಥರ್ ಒಂದು ಚೂರೂ ಇಲ್ಲದಿದ್ದರೆ ಆ ಸಾವಿರ ಡಾಲರ್ ಕದಲುವುದಿಲ್ಲ. ಅದೇ ಯುಎಸ್‌ಡಿಟಿ ಟ್ರಾನ್ ಜಾಲದಲ್ಲಿದ್ದರೆ ಅದರ ನಾಣ್ಯ ಟಿಆರ್‌ಎಕ್ಸ್ ಬೇಕು. ಇನ್ನು ಸಿಕ್ಕಿಕೊಂಡ ವರ್ಗಾವಣೆಯ ಬಗ್ಗೆ: ಎಥೀರಿಯಂನಲ್ಲಿ ಪ್ರತಿ ಖಾತೆಯ ವರ್ಗಾವಣೆಗಳಿಗೂ ಕ್ರಮಸಂಖ್ಯೆಯಿದೆ, ಒಂದು ನಿಂತರೆ ಅದರ ನಂತರದವೆಲ್ಲ ಸಾಲಾಗಿ ನಿಲ್ಲುತ್ತವೆ. ಅದೇ ಕ್ರಮಸಂಖ್ಯೆಯಲ್ಲಿ, ಕನಿಷ್ಠ ಶೇ 10ರಷ್ಟಾದರೂ ದರ ಏರಿಸಿ, ನಿಮ್ಮದೇ ವಿಳಾಸಕ್ಕೆ ಸೊನ್ನೆ ಮೊತ್ತ ಕಳಿಸಿದರೆ ಹಳೆಯದು ರದ್ದಾದಂತೆ. ವ್ಯಾಲೆಟ್‌ಗಳಲ್ಲಿ ಕಾಣುವ ‘ಕ್ಯಾನ್ಸಲ್’ ಗುಂಡಿ ತೆರೆಮರೆಯಲ್ಲಿ ಮಾಡುವುದು ಇದನ್ನೇ. ಕಳಿಸಿದ್ದನ್ನು ಅದು ಹಿಂದಕ್ಕೆ ಕರೆಯುವುದಿಲ್ಲ, ಹೊಸದನ್ನು ಮುಂದಕ್ಕೆ ಓಡಿಸುತ್ತದೆ ಅಷ್ಟೆ.

ಈ ಒಳಲೆಕ್ಕ ಗೊತ್ತಿಲ್ಲದಿರುವುದರಿಂದ ಆಗುವ ನಷ್ಟ ಹೆಚ್ಚುವರಿ ಶುಲ್ಕಕ್ಕೇ ಮುಗಿದಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. 2018ರ ಡಿಸೆಂಬರ್‌ನಲ್ಲಿ ಎಲೆಕ್ಟ್ರಮ್ ವ್ಯಾಲೆಟ್ ಬಳಸುವವರಿಗೆ, ಸರಿಯಾಗಿ ಹಣ ಕಳಿಸುವ ಹೊತ್ತಿನಲ್ಲೇ, ‘ತಂತ್ರಾಂಶ ಹಳೆಯದಾಗಿದೆ, ಹೊಸದನ್ನು ಇಳಿಸಿಕೊಳ್ಳಿ’ ಎಂಬ ಸಂದೇಶ ಬರತೊಡಗಿತು. ವಂಚಕರು ನಡೆಸುತ್ತಿದ್ದ ಸರ್ವರ್‌ಗಳು ಕಳಿಸಿದ ಸಂದೇಶ ಅದು. ಇಳಿಸಿಕೊಂಡ ನಕಲಿ ವ್ಯಾಲೆಟ್ ಇದ್ದಬದ್ದದ್ದನ್ನೆಲ್ಲ ಬಳಿದುಕೊಂಡಿತು. ಇನ್ನೊಂದು ಬಲೆ ಇದಕ್ಕಿಂತ ನಯವಾದದ್ದು. ಯಾರೋ ಅಮಾಯಕರಂತೆ ನಟಿಸಿ ತಮ್ಮ ವ್ಯಾಲೆಟ್ ತೆರೆಯುವ 12 ಗುಪ್ತ ಪದಗಳನ್ನು ಬಹಿರಂಗವಾಗಿ ಹಾಕಿ ಸಹಾಯ ಕೇಳುತ್ತಾರೆ. ತೆರೆದು ನೋಡಿದರೆ ಸಾವಿರಾರು ಯುಎಸ್‌ಡಿಟಿ ಇದೆ, ಶುಲ್ಕಕ್ಕೆ ಟಿಆರ್‌ಎಕ್ಸ್ ಮಾತ್ರ ಇಲ್ಲ. ಆಸೆಬಿದ್ದವರು ಅದನ್ನು ಎತ್ತಲೆಂದು ಸ್ವಲ್ಪ ಟಿಆರ್‌ಎಕ್ಸ್ ಹಾಕಿದ ಮರುಕ್ಷಣ, ಕಾದು ಕೂತ ವಂಚಕರ ಬಾಟ್ ತಂತ್ರಾಂಶ ಆ ಟಿಆರ್‌ಎಕ್ಸನ್ನು ಗುಡಿಸಿಕೊಂಡು ಹೋಗುತ್ತದೆ. ಮೂರನೆಯದು ನಮ್ಮ ಊರುಗಳಲ್ಲಿ ವಾಟ್ಸ್ಆ್ಯಪ್, ಟೆಲಿಗ್ರಾಂ ಮೂಲಕ ಬರುವಂಥದ್ದು: ‘ನಿಮ್ಮ ಲಾಭ ಸಿದ್ಧವಾಗಿದೆ, ಬಿಡುಗಡೆಗೆ ನೆಟ್‌ವರ್ಕ್ ಶುಲ್ಕ ಮೊದಲು ಕಟ್ಟಿ.’ ಈ ಕೊನೆಯದನ್ನು ಗುರುತಿಸಲು ತಾಂತ್ರಿಕ ಪಾಂಡಿತ್ಯ ಬೇಕಿಲ್ಲ. ಬಿಟ್‌ಕಾಯಿನ್ ವರ್ಗಾವಣೆಯಲ್ಲಿ ಶುಲ್ಕವೆಂಬ ಪ್ರತ್ಯೇಕ ಸಾಲೇ ಇರುವುದಿಲ್ಲ. ಒಳಕ್ಕೆ ಕೊಟ್ಟದ್ದರಲ್ಲಿ ಹೊರಕ್ಕೆ ಬರೆದದ್ದನ್ನು ಕಳೆದರೆ ಉಳಿಯುವುದೇ ಶುಲ್ಕ. ಎಥೀರಿಯಂನಲ್ಲೂ ಅದು ಕಳಿಸುವ ಖಾತೆಯಿಂದಲೇ ವರ್ಗಾವಣೆಯ ಜೊತೆಗೇ ಹೋಗುತ್ತದೆ. ಆದ್ದರಿಂದ ಶುಲ್ಕವನ್ನು ಬೇರೆಯಾಗಿ, ಮುಂಗಡವಾಗಿ, ಒಬ್ಬ ವ್ಯಕ್ತಿಯ ಖಾತೆಗೆ ಹಾಕಿ ಎಂದು ಯಾರಾದರೂ ಹೇಳಿದರೆ ಅವರು ಕೇಳುತ್ತಿರುವುದು ಶುಲ್ಕವನ್ನಲ್ಲ.

ಇಲ್ಲಿ ಓದುಗರು ಕೇಳಬಹುದಾದ ಮೊದಲ ಪ್ರಶ್ನೆ: ತರಕಾರಿ ಗಾಡಿಯವರೂ ಯುಪಿಐ ಮೂಲಕ ಬಿಟ್ಟಿಯಾಗಿ ಹಣ ಪಡೆಯುವ ಈ ದೇಶದಲ್ಲಿ, ಇಂಥ ಹರಾಜಿನ ಹಣವ್ಯವಸ್ಥೆ ಯಾವ ಸೌಭಾಗ್ಯಕ್ಕೆ? ಪ್ರಶ್ನೆ ನ್ಯಾಯವಾದದ್ದು, ದಿನಸಿ ಕೊಳ್ಳಲು ಬಿಟ್‌ಕಾಯಿನ್ ಜಾಲ ತಕ್ಕ ಸಾಧನವಲ್ಲ ಎಂದು ಒಪ್ಪಲು ನನಗೆ ಅಡ್ಡಿಯಿಲ್ಲ. ಆದರೆ ಯುಪಿಐ ಬಿಟ್ಟಿ ಎಂಬುದು ಪೂರ್ತಿ ನಿಜವಲ್ಲ. 2020ರ ಜನವರಿಯಿಂದ ಪಾವತಿ ಪಡೆದದ್ದಕ್ಕೆ ವ್ಯಾಪಾರಿಗಳ ಮೇಲೆ ಎಂಡಿಆರ್ ಎಂಬ ಶುಲ್ಕ ಹಾಕುವಂತಿಲ್ಲವಾದ್ದರಿಂದ ಖರ್ಚನ್ನು ಬ್ಯಾಂಕುಗಳು ಹೊರುತ್ತಿವೆ, ಅದರಲ್ಲೊಂದು ಪಾಲನ್ನು ಕೇಂದ್ರ ಸರ್ಕಾರ ಪ್ರೋತ್ಸಾಹಧನವೆಂದು ತುಂಬಿಕೊಡುತ್ತದೆ. ಯಜಮಾನರಿರುವ ವ್ಯವಸ್ಥೆಯಲ್ಲಿ ಖರ್ಚು ಯಜಮಾನರ ಲೆಕ್ಕಕ್ಕೆ ಹೋಗಿ ಕಣ್ಣಿಗೆ ಬೀಳುವುದಿಲ್ಲ. ಯಜಮಾನರಿಲ್ಲದ ಬಿಟ್‌ಕಾಯಿನ್‌ನಲ್ಲಿ ಅದು ಬಳಕೆದಾರರ ಕಣ್ಣೆದುರೇ ಇರುತ್ತದೆ. ಶುಲ್ಕವೇ ಇಲ್ಲದಿದ್ದರೆ ಕಿಡಿಗೇಡಿಯೊಬ್ಬ ಒಂದೇ ದಿನದಲ್ಲಿ ಕೋಟ್ಯಂತರ ಪುಡಿ ವರ್ಗಾವಣೆ ಸುರಿದು ಪುಟ ತುಂಬಿಸಬಲ್ಲ. ಜೊತೆಗೆ, 2009ರಲ್ಲಿ ಬ್ಲಾಕಿಗೆ 50 ಬಿಟ್‌ಕಾಯಿನ್ ಇದ್ದ ಮೈನರ್‌ಗಳ ಬಹುಮಾನ ನಾಲ್ಕು ಸಲ ಅರ್ಧವಾಗಿ 2024ರಲ್ಲಿ 3.125ಕ್ಕೆ ಇಳಿದಿದೆ, ಮುಂದೂ ಇಳಿಯಲಿದೆ. ಜಾಲದ ಕಾವಲು ಕಾಯುವ ಈ ಮೈನರ್‌ಗಳ ಸಂಬಳ ಬರಬರುತ್ತಾ ಶುಲ್ಕದಿಂದಲೇ ಬರಬೇಕು. ಹಾಗಾಗಿ ಶುಲ್ಕ ಈ ವ್ಯವಸ್ಥೆಗೆ ಅಂಟಿದ ರೋಗವಲ್ಲ. ಅದು ಬೇಡವೆನ್ನುವವರು ಈ ವ್ಯವಸ್ಥೆಯೇ ಬೇಡವೆನ್ನಬೇಕಾಗುತ್ತದೆ. ಹಾಗೆನ್ನುವ ಹಕ್ಕು ಅವರಿಗಿದ್ದೇ ಇದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಕಾರು ಓಡಿಸುವವರೆಲ್ಲ ಎಂಜಿನ್ ಬಿಚ್ಚಲು ಕಲಿಯಬೇಕೇ? ಬೈಟು, ನೋಟು, ಕ್ರಮಸಂಖ್ಯೆಗಳ ತಲೆನೋವು ವ್ಯಾಲೆಟ್ ಮಾಡುವವರದು, ಬಳಸುವವರದಲ್ಲ ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಶುಲ್ಕವನ್ನು ಸತೋಶಿಯಲ್ಲಷ್ಟೇ ತೋರಿಸಿ ರೂಪಾಯಿಯಲ್ಲಿ ತೋರಿಸದ, ಕಳಿಸುವ ಮೊತ್ತಕ್ಕಿಂತ ಶುಲ್ಕ ಹೆಚ್ಚಾದಾಗಲೂ ಎಚ್ಚರಿಸದ, ದರ ಏರಿಸುವ ಗುಂಡಿಯೇ ಇಲ್ಲದ ವ್ಯಾಲೆಟ್ ಕಳಪೆ ವ್ಯಾಲೆಟ್. ಅದನ್ನು ಬಿಟ್ಟು ಬೇರೆ ಆರಿಸಿಕೊಳ್ಳಬೇಕು. ಆದರೆ ಉಳಿದರ್ಧವನ್ನು ತಂತ್ರಾಂಶ ತುಂಬಲಾರದು. ಹಣ ಈ ಗಂಟೆಯಲ್ಲೇ ಮುಟ್ಟಬೇಕೋ ವಾರ ಕಳೆದರೂ ನಡೆದೀತೋ ಎಂಬುದು ಬಳಸುವವರಿಗಷ್ಟೇ ಗೊತ್ತು, ದರ ನಿಂತಿರುವುದು ಅದರ ಮೇಲೆಯೇ. ಅವಸರಕ್ಕೆ ಬೆಲೆ ಕಟ್ಟುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರೆ ಅದು ಎಲ್ಲರಿಗೂ ಅವಸರವಿದೆ ಎಂದೇ ಎಣಿಸುತ್ತದೆ. ಇನ್ನು ಕೆಲವರ ಸಲಹೆ, ‘ಎಕ್ಸ್‌ಚೇಂಜಿನಲ್ಲೇ ಇಟ್ಟುಬಿಡಿ, ಶುಲ್ಕದ ರಗಳೆ ಇಲ್ಲ.’ ಒಳಗೊಳಗಿನ ವರ್ಗಾವಣೆಗೆ ಇಲ್ಲ ನಿಜ. ಆದರೆ 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜಿನಿಂದ 23 ಕೋಟಿ ಡಾಲರ್‌ನಷ್ಟು ಕಳವಾಗಿ ಹಿಂಪಡೆಯುವಿಕೆ ನಿಂತಾಗ, ಉಳಿಸಿದ ಶುಲ್ಕ ಯಾರ ನೆನಪಿಗೂ ಬಂದಿರಲಾರದು. ಸಣ್ಣ ಪಾವತಿಗಳಿಗೆ ಬಿಟ್‌ಕಾಯಿನ್ ಮೇಲೆ ಕಟ್ಟಿದ ಲೈಟ್ನಿಂಗ್ ಜಾಲ ಉತ್ತಮ ಉತ್ತರವೇ. ಆದರೂ ಅದರ ಬಾಗಿಲು ತೆರೆಯಲು, ಮುಚ್ಚಲು ಮೂಲ ಜಾಲದ ಶುಲ್ಕ ಕಟ್ಟಲೇಬೇಕು.

ನಮ್ಮವರಿಗೆ ಇದರ ಮೇಲೊಂದು ಪೆಟ್ಟಿದೆ. 2022ರ ಏಪ್ರಿಲ್‌ನಿಂದ ಭಾರತದಲ್ಲಿ ಕ್ರಿಪ್ಟೊ ಲಾಭಕ್ಕೆ ಶೇ 30ರ ತೆರಿಗೆಯಿದೆ. ಆ ಲೆಕ್ಕದಲ್ಲಿ ಕೊಂಡ ಬೆಲೆಯೊಂದನ್ನು ಬಿಟ್ಟರೆ ಬೇರಾವ ಖರ್ಚನ್ನೂ ಕಳೆಯಲು ಅವಕಾಶವಿಲ್ಲ. ಅಂದರೆ ಮಾರುವಾಗ, ಸಾಗಿಸುವಾಗ ತೆತ್ತ ಶುಲ್ಕ ಕೈಬಿಟ್ಟ ಹಣವೇ. ತೆರಿಗೆಯಲ್ಲಿ ಅದು ತಿರುಗಿ ಬರುವುದಿಲ್ಲ. ನಷ್ಟದಲ್ಲಿ ಮಾರಿದರೂ ಅದೇ ಪಾಡು. ಹಾಗಿರುವಾಗ ಶುಲ್ಕವನ್ನು ಉಳಿಸುವ ಸಮಯ ಯಾವುದೆಂದು ಕೇಳಿದರೆ, ಶುಲ್ಕ ತಗ್ಗಿರುವ ಸಮಯ. ‘ಈಗ ಕಟ್ಟೆ ಖಾಲಿಯಿದೆ, ದರ ತಳ ಮುಟ್ಟಿದೆ, ಈ ಚರ್ಚೆಯೇ ಹಳತು’ ಎನ್ನುವವರು ಬೇಸಿಗೆಯಲ್ಲಿ ಸೂರಿನ ಹೆಂಚು ಕೈಯಾಡಿಸುವುದನ್ನು ಮರೆತವರು. ಬೈಟಿಗೆ 1 ಸತೋಶಿ ಇರುವ ದಿನ ಮೇಲೆ ಹೇಳಿದ ಹತ್ತು ನೋಟುಗಳ ವರ್ಗಾವಣೆಗೆ ಬೀಳುವುದು 1,558 ಸತೋಶಿ. 50 ಇರುವ ದಿನ 77,900. ಅಂಥ ಅಗ್ಗದ ದಿನ ನೋಡಿ ಚಿಲ್ಲರೆಯನ್ನೆಲ್ಲ ನಿಮ್ಮದೇ ಒಂದು ಸೆಗ್‌ವಿಟ್ ವಿಳಾಸಕ್ಕೆ ಕಳಿಸಿ ಒಂದೇ ನೋಟಾಗಿಸಿಕೊಳ್ಳಬಹುದು. ಹಾಗೆ ಸೇರಿಸಿದಾಗ ಆ ಎಲ್ಲ ವಿಳಾಸಗಳೂ ಒಬ್ಬರವೇ ಎಂದು ನೋಡಿದವರಿಗೆ ತಿಳಿಯುತ್ತದೆ, ಗೋಪ್ಯತೆ ಮುಖ್ಯವಾದವರು ಅದನ್ನೂ ತೂಗಿಕೊಳ್ಳಬೇಕು. ಕಳಿಸುವ ಗುಂಡಿ ಒತ್ತುವ ಮುನ್ನ ಬೈಟಿನ ದರ, ವರ್ಗಾವಣೆಯ ಗಾತ್ರ, ರೂಪಾಯಿಯಲ್ಲಿ ಒಟ್ಟು ಶುಲ್ಕ, ಈ ಮೂರು ಸಂಖ್ಯೆಗಳನ್ನು ಓದಿ. ಮೂರರಲ್ಲಿ ಒಂದು ಅರ್ಥವಾಗದಿದ್ದರೂ ಅವತ್ತಿಗೆ ಕಳಿಸಬೇಡಿ. ಒತ್ತಿದ ಮೇಲೆ ಹೋಗಿ ವಿಚಾರಿಸಲು ಅಲ್ಲಿ ಕೌಂಟರೂ ಇಲ್ಲ, ಮ್ಯಾನೇಜರೂ ಇಲ್ಲ.